ಸೀಳನ್ನು ಮುಚ್ಚದ ಬಡಗಿ

ಊಟದ ಮೇಜಿನ ನಡುವೆ ಗೇಣುದ್ದದ ಸೀಳು ಕಾಣಿಸಿಕೊಂಡರೆ ಮನೆಯವರು ಬಡಗಿಯನ್ನು ಕರೆಸುತ್ತಾರೆ. ಆತ ಮರದ ಪುಡಿಗೆ ಅಂಟು ಕಲಸಿ ಸೀಳಿಗೆ ತುಂಬುತ್ತಾನೆ, ಮೇಲೆ ಪಾಲಿಶ್ ಹೊಡೆಯುತ್ತಾನೆ. ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಅದೇ ಜಾಗದಲ್ಲಿ ಗೆರೆ ಮತ್ತೆ ಬಾಯಿ ಬಿಡುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ನ್ಯೂ ಹೋಪ್ ಎಂಬ ಊರಿನಲ್ಲಿ ಕೆಲಸ ಮಾಡಿದ ಜಾರ್ಜ್ ನಕಾಶಿಮಾ ಅವರ ಮೇಜುಗಳಲ್ಲೂ ಸೀಳುಗಳಿವೆ. ಆದರೆ ಅವನ್ನು ಯಾರೂ ಮುಚ್ಚಿಲ್ಲ. ಹಲಗೆಯ ಒಂದು ತುದಿಯಿಂದ ಹೊರಟ ಬಿರುಕು ಮೇಜಿನ ಅರ್ಧದವರೆಗೂ ತೆರೆದೇ ಬಂದು ನಿಲ್ಲುತ್ತದೆ. ಅದಕ್ಕೆ ಅಡ್ಡಲಾಗಿ ಎರಡೋ ಮೂರೋ ಕಡೆ, ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ ಮರದ ತುಂಡುಗಳನ್ನು ಹಲಗೆಯ ಮಟ್ಟಕ್ಕೇ ಇಳಿಸಿ ಕೂರಿಸಲಾಗಿದೆ. ಮೇಜಿನ ಅಂಚನ್ನೂ ನೇರವಾಗಿ ಕತ್ತರಿಸಿಲ್ಲ. ತೊಗಟೆಯ ಅಡಿಯಲ್ಲಿ ಮರ ಎಲ್ಲಿ ಉಬ್ಬಿತ್ತೋ ಎಲ್ಲಿ ಒಳಸರಿದಿತ್ತೋ ಆ ರೇಖೆಯೇ ಮೇಜಿನ ಅಂಚು.

ಇದನ್ನು ಮೊದಲ ಸಲ ನೋಡಿದವರು ಕಲೆಗಾರನ ಮನಸ್ಸಿಗೆ ಬಂದ ಅಲಂಕಾರ ಎಂದುಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಬೇರೆ. ನಕಾಶಿಮಾ ಅವರ ಕೆಲಸದಲ್ಲಿ ಕಣ್ಣಿಗೆ ಚೆಂದ ಕಾಣುವ ಬಹುಪಾಲು ಸಂಗತಿಗಳ ಹಿಂದೆ ಮರದ ಒಳಗಿನ ನೀರಿನ ವಿಜ್ಞಾನವಿದೆ. ಆ ವಿಜ್ಞಾನ ತಿಳಿದ ಮೇಲೆ ಅವರ ಮೇಜು ಮೊದಲಿಗಿಂತ ಹೆಚ್ಚು ಸುಂದರವಾಗಿ ಕಾಣುತ್ತದೆ. ಈ ಅಧ್ಯಾಯ ಬರೆಯಲು ಅದೇ ಕಾರಣ.

ನಿಂತ ಮರ ನೀರಿನ ದೊಡ್ಡ ಸಂಗ್ರಹ. ನಕಾಶಿಮಾ ಅತಿ ಹೆಚ್ಚು ಬಳಸಿದ್ದು ಅಮೆರಿಕದ ಕಪ್ಪು ವಾಲ್‌ನಟ್ ಮರವನ್ನು. ನಮ್ಮ ಅಂಗಡಿಗಳಿಗೆ ಕಾಶ್ಮೀರದಿಂದ ಬರುವ ಅಕ್ರೋಟಿನ ಹತ್ತಿರದ ನೆಂಟ ಅದು. ಆಗ ತಾನೇ ಕಡಿದ ಕಪ್ಪು ವಾಲ್‌ನಟ್‌ನ ಒಳಗಿನ ಚೇಗಿನಲ್ಲಿ 100 ಕಿಲೋ ಒಣಮರಕ್ಕೆ ಸುಮಾರು 90 ಕಿಲೋ ನೀರಿರುತ್ತದೆ. ಈ ನೀರು ಎರಡು ಕಡೆ ಮನೆ ಮಾಡಿಕೊಂಡಿದೆ. ಒಂದಷ್ಟು ಕೋಶಗಳ ಟೊಳ್ಳಿನಲ್ಲಿ ಸುಮ್ಮನೆ ತುಂಬಿಕೊಂಡಿರುತ್ತದೆ. ಉಳಿದದ್ದು ಕೋಶದ ಗೋಡೆಯ ಒಳಗೇ ಹೊಕ್ಕು, ಸೆಲ್ಯುಲೋಸ್ ಎಳೆಗಳ ನಡುವೆ ಅಣುಅಣುವಾಗಿ ಅಂಟಿಕೊಂಡಿರುತ್ತದೆ. ಮರ ಒಣಗುವಾಗ ಮೊದಲು ಹೋಗುವುದು ಟೊಳ್ಳಿನ ನೀರು. ಅದು ಹೋದರೆ ಮರ ಹಗುರಾಗುತ್ತದೆ, ಅಳತೆಯಲ್ಲಿ ಏನೂ ಬದಲಾಗುವುದಿಲ್ಲ. ಟೊಳ್ಳು ಬರಿದಾಗಿ, ಗೋಡೆಯೊಂದೇ ತುಂಬಿರುವ ಹಂತಕ್ಕೆ ನಾರಿನ ತೃಪ್ತಬಿಂದು ಎನ್ನುತ್ತಾರೆ. ಹೆಚ್ಚಿನ ಮರಗಳಲ್ಲಿ ಅದು ಒಣಮರದ ತೂಕದ ಶೇ. 30ರ ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಂದ ಕೆಳಗೆ ಇಳಿಯುವ ಪ್ರತಿ ಹನಿಯೂ ಗೋಡೆಯ ಒಳಗಿಂದಲೇ ಹೋಗಬೇಕು. ಎಳೆಗಳ ನಡುವಿನ ನೀರು ಹೋದಂತೆ ಎಳೆಗಳು ಒಂದಕ್ಕೊಂದು ಹತ್ತಿರ ಸರಿಯುತ್ತವೆ. ಮರ ಕುಗ್ಗತೊಡಗುವುದು ಆಗ.

ಈ ಎಳೆಗಳು ಕೋಶದ ಗೋಡೆಯಲ್ಲಿ ಬಹುಮಟ್ಟಿಗೆ ಕಾಂಡದ ಉದ್ದಕ್ಕೇ ಮಲಗಿವೆ. ಆದ್ದರಿಂದ ಮರ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕುಗ್ಗುವುದಿಲ್ಲ. ತೆಂಗಿನ ಕಡ್ಡಿಯ ಪೊರಕೆಯನ್ನು ಹಿಡಿದು ಕಡ್ಡಿಗಳ ನಡುವೆ ಏನನ್ನಾದರೂ ತುರುಕಿದರೆ ಕಟ್ಟು ದಪ್ಪವಾಗುತ್ತದೆ, ಉದ್ದವಾಗುವುದಿಲ್ಲ. ತುರುಕಿದ್ದನ್ನು ತೆಗೆದರೆ ಸಣ್ಣಗಾಗುತ್ತದೆ, ಗಿಡ್ಡವಾಗುವುದಿಲ್ಲ. ಹಸಿಮರ ಪೂರ್ತಿ ಒಣಗಿದಾಗ ಉದ್ದದಲ್ಲಿ ಕುಗ್ಗುವುದು ಬರೀ ಶೇ. 0.1ರಿಂದ 0.2. ಅಗಲದ ಕತೆಯೇ ಬೇರೆ, ಅಲ್ಲಿಯೂ ಎರಡು ದಿಕ್ಕುಗಳಿವೆ. ಕಾಂಡದ ನಡುವಿನ ತಿರುಳಿನಿಂದ ತೊಗಟೆಯ ಕಡೆಗೆ ಹೋಗುವ ತ್ರಿಜ್ಯದ ದಿಕ್ಕು ಒಂದು; ಬೆಳವಣಿಗೆಯ ಉಂಗುರಗಳ ಜೊತೆ ಸುತ್ತುವ ದಿಕ್ಕು ಇನ್ನೊಂದು. ಕಪ್ಪು ವಾಲ್‌ನಟ್ ತ್ರಿಜ್ಯದ ದಿಕ್ಕಿನಲ್ಲಿ ಶೇ. 5.5ರಷ್ಟು ಕುಗ್ಗಿದರೆ, ಉಂಗುರದ ದಿಕ್ಕಿನಲ್ಲಿ ಶೇ. 7.8ರಷ್ಟು ಕುಗ್ಗುತ್ತದೆ. ಅಮೆರಿಕದ ಮ್ಯಾಡಿಸನ್ ನಗರದಲ್ಲಿ 1910ರಿಂದ ಕೆಲಸ ಮಾಡುತ್ತಿರುವ ಅರಣ್ಯ ಉತ್ಪನ್ನಗಳ ಪ್ರಯೋಗಾಲಯ ಇಂಥ ಅಳತೆಗಳನ್ನು ನೂರಾರು ಜಾತಿಯ ಮರಗಳಿಗೆ ಪಟ್ಟಿ ಮಾಡಿ ಇಟ್ಟಿದೆ. ಬಹುತೇಕ ಎಲ್ಲ ಮರಗಳಲ್ಲೂ ಉಂಗುರದ ದಿಕ್ಕಿನ ಕುಗ್ಗುವಿಕೆಯೇ ಹೆಚ್ಚು. ತಿರುಳಿನಿಂದ ಹೊರಕ್ಕೆ ಹಾಯುವ ಕಿರಣಕೋಶಗಳ ಪಟ್ಟಿಗಳು ತ್ರಿಜ್ಯದ ದಿಕ್ಕಿನಲ್ಲಿ ಮರವನ್ನು ಹಿಡಿದು ನಿಲ್ಲಿಸುವುದು ಅದಕ್ಕೆ ಒಂದು ಕಾರಣ.

ಈ ಎರಡು ಸಂಖ್ಯೆಗಳನ್ನು ಒಂದು ದುಂಡು ಬಿಲ್ಲೆಗೆ ಅನ್ವಯಿಸಿ ನೋಡಿ. ದಿಮ್ಮಿಯ ತುದಿಯಿಂದ ಕತ್ತರಿಸಿದ ಬಿಲ್ಲೆ ಒಣಗುತ್ತಿದೆ. ಅದರ ತ್ರಿಜ್ಯ 100 ಇದ್ದದ್ದು 94.5 ಆಗುತ್ತದೆ. ಆ ತ್ರಿಜ್ಯಕ್ಕೆ ಸರಿಯಾಗಿ ಸುತ್ತಳತೆಯೂ 94.5ರ ಲೆಕ್ಕದಲ್ಲಿ ಇರಬೇಕು. ಆದರೆ ಸುತ್ತಿನ ದಿಕ್ಕಿನಲ್ಲಿ ಮರ 92.2ಕ್ಕೆ ಕುಗ್ಗಿಬಿಟ್ಟಿದೆ. ವೃತ್ತ ಪೂರ್ತಿಯಾಗಲು ಬೇಕಾದಷ್ಟು ಮರವೇ ಅಲ್ಲಿಲ್ಲ. 360 ಡಿಗ್ರಿಯಲ್ಲಿ ಸುಮಾರು 9 ಡಿಗ್ರಿಯಷ್ಟು ಕೊರತೆ. ಆ ಕೊರತೆ ತಿರುಳಿನಿಂದ ತೊಗಟೆಗೆ ತೆರೆದುಕೊಳ್ಳುವ ಒಂದು ತ್ರಿಕೋನದ ಸೀಳಾಗಿಯೋ, ಹಲವು ಸಣ್ಣ ಬಿರುಕುಗಳಾಗಿಯೋ ಕಾಣಿಸಿಕೊಳ್ಳುತ್ತದೆ. ಸಾಮಿಲ್ಲಿನ ಅಂಗಳದಲ್ಲಿ ಬಿದ್ದಿರುವ ದಿಮ್ಮಿಗಳ ತುದಿಯಲ್ಲಿ ಚಕ್ರದ ಕಡ್ಡಿಗಳ ಹಾಗೆ ಒಡೆದ ಗೆರೆಗಳನ್ನು ನೀವು ನೋಡಿಯೇ ಇರುತ್ತೀರಿ. ಮರದಲ್ಲಿ ದೋಷವಿತ್ತು ಎಂದೇನೂ ಅಲ್ಲ. ರೇಖಾಗಣಿತವೇ ಹಾಗಿದೆ.

ಸೀಳು ಮರದ ಸ್ವಭಾವದೊಳಗೇ ಇದೆ ಎಂದ ಮೇಲೆ ಬಡಗಿಯ ಮುಂದೆ ಕೆಲವು ದಾರಿಗಳಿವೆ. ಸೀಳು ಬಂದ ಭಾಗವನ್ನೆಲ್ಲ ಕತ್ತರಿಸಿ ಬಿಸಾಡಿ, ಉಳಿದ ಕಿರಿದಾದ ಪಟ್ಟಿಗಳನ್ನು ಅಂಟಿಸಿ ಹಲಗೆ ಮಾಡಬಹುದು. ಮರವನ್ನು ತೆಳುವಾಗಿ ಸುಲಿದು, ಒಂದರ ಮೇಲೊಂದು ಅಡ್ಡಡ್ಡ ಅಂಟಿಸಿ ಪ್ಲೈವುಡ್ ಮಾಡಬಹುದು. ಕಾರ್ಖಾನೆಗಳ ದಾರಿ ಅದು, ಕಡಿಮೆ ಬೆಲೆಗೆ ಎಲ್ಲರ ಮನೆಗೂ ಕಪಾಟು ತಂದುಕೊಟ್ಟ ದಾರಿ. ನಕಾಶಿಮಾ ಹಿಡಿದದ್ದು ಇವೆರಡಕ್ಕಿಂತ ಕಷ್ಟದ್ದನ್ನು: ಮರವನ್ನು ಇಡಿಯಾಗಿ, ಅದರ ಸೀಳು, ಗಂಟು, ಕವಲುಗಳ ಸಮೇತ ಉಳಿಸಿಕೊಂಡು, ಮುಂದೆ ನೂರಾರು ವರ್ಷ ಅದು ಉಬ್ಬುತ್ತ ಕುಗ್ಗುತ್ತ ಇದ್ದರೂ ಕೆಡದ ಹಾಗೆ ಕಟ್ಟುವುದು.

ಅವರ ಹಾದಿಯೂ ನೇರವಾಗಿರಲಿಲ್ಲ. 1905ರಲ್ಲಿ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನಲ್ಲಿ, ಜಪಾನಿನಿಂದ ವಲಸೆ ಬಂದ ತಂದೆತಾಯಿಗಳಿಗೆ ಹುಟ್ಟಿದರು. ವಿಶ್ವವಿದ್ಯಾಲಯದಲ್ಲಿ ಮೊದಲು ಸೇರಿದ್ದು ಅರಣ್ಯಶಾಸ್ತ್ರಕ್ಕೆ, ಆಮೇಲೆ ವಾಸ್ತುಶಿಲ್ಪಕ್ಕೆ ಬದಲಾಯಿಸಿಕೊಂಡರು. ಎಂಐಟಿಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಪ್ಯಾರಿಸ್ ಸುತ್ತಿ, 1934ರ ಹೊತ್ತಿಗೆ ಟೋಕಿಯೋದಲ್ಲಿ ಆಂಟೋನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿ ಸೇರಿದರು. ಅಲ್ಲಿಂದ ಅವರು ಬಂದದ್ದು ನಮ್ಮ ಕಡೆಗೇ, ಆಗ ಫ್ರೆಂಚರ ಕೈಯಲ್ಲಿದ್ದ ಪಾಂಡಿಚೇರಿಗೆ. ಶ್ರೀ ಅರವಿಂದಾಶ್ರಮದ ಸಾಧಕರಿಗಾಗಿ ರೇಮಂಡ್ ವಿನ್ಯಾಸ ಮಾಡಿದ್ದ ಗೋಲ್ಕೊಂಡೆ ಎಂಬ ವಸತಿ ಕಟ್ಟಡದ ನಿರ್ಮಾಣವನ್ನು 1937ರಿಂದ 1939ರವರೆಗೆ ನಕಾಶಿಮಾ ಸ್ಥಳದಲ್ಲೇ ಇದ್ದು ನೋಡಿಕೊಂಡರು. ಕಟ್ಟಡಕ್ಕೆ ಹಣ ಬಂದದ್ದು ಹೈದರಾಬಾದಿನ ನಿಜಾಮರಿಂದ, ದಿವಾನ ಸರ್ ಅಕ್ಬರ್ ಹೈದರಿ ಅವರ ಮೂಲಕ. ಹೆಸರಿನಲ್ಲಿ ಗೋಲ್ಕೊಂಡೆ ಬಂದಿರುವುದು ಆ ಕಾರಣಕ್ಕೆ. ನಕಾಶಿಮಾ ಆಶ್ರಮದ ಬದುಕಿಗೇ ಸೇರಿಹೋದರು. ಅರವಿಂದರು ಅವರಿಗೆ ಸುಂದರಾನಂದ ಎಂಬ ಹೆಸರು ಕೊಟ್ಟರು.

ಗೋಲ್ಕೊಂಡೆಯಲ್ಲಿ ಗಾಜಿನ ಕಿಟಕಿಗಳಿಲ್ಲ. ಹೊರಗೋಡೆಯ ಉದ್ದಕ್ಕೂ ತಿರುಗಿಸಬಹುದಾದ ಅಡ್ಡಪಟ್ಟಿಗಳು, ಒಳಗೆ ಕೋಣೆಗಳಿಗೆ ಗಾಳಿ ಹಾಯಬಿಡುವ ತೇಗದ ಸರಿಯುವ ಬಾಗಿಲುಗಳು. ನಕಾಶಿಮಾ ಅಲ್ಲಿನ ಕೋಣೆಗಳಿಗೆ ಪೀಠೋಪಕರಣಗಳನ್ನೂ ವಿನ್ಯಾಸ ಮಾಡಿದರು. ಸಮುದ್ರದ ಪಕ್ಕ ಗಾಳಿಗೆ ತೆರೆದಿಟ್ಟ ಮನೆಯಲ್ಲಿ ಸರಿಯುವ ಬಾಗಿಲು ಸಿಕ್ಕಿಹಾಕಿಕೊಳ್ಳದೆ ಸರಿಯಬೇಕಾದರೆ ಮರ ಕಡಿಮೆ ಉಬ್ಬುವಂಥದ್ದಾಗಿರಬೇಕು. ತೇಗದ ಅಂಕಿಗಳು ಆ ವಿಷಯದಲ್ಲಿ ಅಸಾಧಾರಣ: ತ್ರಿಜ್ಯದ ದಿಕ್ಕಿನಲ್ಲಿ ಶೇ. 2.5, ಉಂಗುರದ ದಿಕ್ಕಿನಲ್ಲಿ ಶೇ. 5.8. ವಾಲ್‌ನಟ್‌ಗಿಂತ ಬಹಳ ಕಡಿಮೆ. ಅದರ ಚೇಗಿನಲ್ಲಿರುವ ಎಣ್ಣೆಯಂಥ ವಸ್ತುಗಳು ನೀರನ್ನು ದೂರವಿಡುತ್ತವೆ, ಗೆದ್ದಲನ್ನೂ ದೂರವಿಡುತ್ತವೆ. ಮಲೆನಾಡಿನ ಹಳೆಯ ಮನೆಗಳ ಬಾಗಿಲಿಗೆ ಹಿರಿಯರು ತೇಗವನ್ನೇ ಹುಡುಕುತ್ತಿದ್ದದ್ದು ಯಾವ ಪಟ್ಟಿಯನ್ನೂ ನೋಡಿ ಅಲ್ಲ, ಮಳೆಗಾಲವನ್ನು ನೋಡಿ.

ನಕಾಶಿಮಾ ಅಮೆರಿಕಕ್ಕೆ ಮರಳಿ, ಮದುವೆಯಾಗಿ, ಸಿಯಾಟಲ್‌ನಲ್ಲಿ ಒಂದು ಸಣ್ಣ ಮರಗೆಲಸದ ಕಾರ್ಯಾಗಾರ ನಡೆಸುತ್ತಿದ್ದಾಗ 1941ರ ಡಿಸೆಂಬರಿನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. ಅಮೆರಿಕದ ಸರ್ಕಾರ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನ್ ಮೂಲದವರನ್ನು ಒಕ್ಕಲೆಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. 1942ರಲ್ಲಿ ನಕಾಶಿಮಾ, ಅವರ ಹೆಂಡತಿ ಮೇರಿಯನ್, ಹಸುಗೂಸು ಮೀರಾ, ಮೂವರೂ ಐಡಹೋ ರಾಜ್ಯದ ಮಿನಿಡೋಕಾ ಶಿಬಿರಕ್ಕೆ ಹೋಗಬೇಕಾಯಿತು. ಮರಳುಗಾಡಿನ ನಡುವೆ ಮುಳ್ಳುತಂತಿಯೊಳಗಿನ ಬಿಡಾರ. ಒಂದು ದೇಶ ತನ್ನದೇ ಮಕ್ಕಳಿಗೆ ಮಾಡಿದ ಅನ್ಯಾಯ ಅದು. ಆ ಮಾತನ್ನು ಮೃದುಗೊಳಿಸುವ ಅಗತ್ಯವಿಲ್ಲ. ಆ ಶಿಬಿರದಲ್ಲೇ ಗೆಂಟಾರೊ ಹಿಕೊಗಾವಾ ಎಂಬ ಹಿರಿಯ ಬಡಗಿಯ ಪರಿಚಯವಾಯಿತು. ಜಪಾನಿನ ಸಾಂಪ್ರದಾಯಿಕ ಮರಗೆಲಸದಲ್ಲಿ ಪಳಗಿದ ಕೈ ಅವರದ್ದು. ಬಿಸಾಡಿದ ಹಲಗೆಚೂರು, ಮರಳುಗಾಡಿನ ಕುರುಚಲು ಗಿಡಗಳ ಕಟ್ಟಿಗೆ, ಇಷ್ಟೇ ಸಾಮಗ್ರಿ. ವಾಸ್ತುಶಿಲ್ಪ ಓದಿದ್ದ ನಕಾಶಿಮಾ ಅಲ್ಲಿ ಶಿಷ್ಯನಾಗಿ ಕೂತು ಕೈಕೆಲಸ ಕಲಿತರು.

ಜಪಾನಿನ ಕೈಗರಗಸದ ಬಗ್ಗೆ ಇಲ್ಲಿ ಒಂದು ಮಾತು. ನಮ್ಮಲ್ಲಿ ಹೆಚ್ಚಾಗಿ ಕಾಣುವ ಕೈಗರಗಸ ತಳ್ಳುವಾಗ ಕೊಯ್ಯುತ್ತದೆ. ಜಪಾನಿನದು ಎಳೆಯುವಾಗ ಕೊಯ್ಯುತ್ತದೆ. ತೆಳುವಾದ ಲೋಹದ ಪಟ್ಟಿಯನ್ನು ತುದಿಯಿಂದ ತಳ್ಳಿದರೆ ಬಾಗುತ್ತದೆ, ಆದ್ದರಿಂದ ತಳ್ಳುವ ಗರಗಸದ ಅಲಗು ದಪ್ಪವಾಗಿರಲೇಬೇಕು. ಎಳೆದರೆ ಪಟ್ಟಿ ತಾನಾಗಿಯೇ ಬಿಗಿದು ನೇರವಾಗುತ್ತದೆ. ಹಾಗಾಗಿ ಎಳೆಯುವ ಗರಗಸವನ್ನು ಬಹಳ ತೆಳುವಾಗಿ ಮಾಡಬಹುದು, ಕೊಯ್ತದ ದಾರಿ ಕಿರಿದಾಗುತ್ತದೆ, ಪುಡಿಯಾಗಿ ಹಾಳಾಗುವ ಮರ ಕಡಿಮೆ, ಜೋಡಣೆ ಹೆಚ್ಚು ನಿಖರ. ಅವರ ಕೀಸುಳಿಯೂ ಎಳೆಯುವಂಥದ್ದೇ.

1943ರಲ್ಲಿ ರೇಮಂಡ್ ಜಾಮೀನು ನಿಂತು ಕುಟುಂಬವನ್ನು ಶಿಬಿರದಿಂದ ಬಿಡಿಸಿ ನ್ಯೂ ಹೋಪ್‌ನ ತಮ್ಮ ತೋಟಕ್ಕೆ ಕರೆಸಿಕೊಂಡರು. ನಕಾಶಿಮಾ ಬದುಕಿನ ಉಳಿದ ಕೆಲಸವೆಲ್ಲ ಆ ಊರಿನಲ್ಲೇ ನಡೆಯಿತು.

ಅವರ ಕೆಲಸ ಶುರುವಾಗುತ್ತಿದ್ದದ್ದು ಉಳಿ ಹಿಡಿಯುವ ಬಹಳ ಮೊದಲು, ದಿಮ್ಮಿ ಕೊಯ್ಯುವ ಜಾಗದಲ್ಲಿ. ಯಾವ ದಿಮ್ಮಿಯನ್ನು ಯಾವ ಕಡೆಯಿಂದ, ಎಷ್ಟು ದಪ್ಪಕ್ಕೆ ಕೊಯ್ಯಬೇಕೆಂದು ಅವರೇ ನಿಂತು ಹೇಳುತ್ತಿದ್ದರು. ಕೊಯ್ತ ಒಂದು ಅಂಗುಲ ಆಚೀಚೆಯಾದರೆ ಹಲಗೆಯ ಮೇಲೆ ಮೂಡುವ ಚಿತ್ರವೇ ಬದಲಾಗುತ್ತದೆ. ಕಾಂಡ ಎರಡಾಗಿ ಕವಲೊಡೆದ ಜಾಗದಲ್ಲಿ ನಾರುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಗಾಳಿಗೆ ಕೊಂಬೆ ಸೀಳಿಹೋಗದಿರಲಿ ಎಂದು ಮರ ತಾನೇ ಕಟ್ಟಿಕೊಂಡ ಬಲ ಅದು. ಅಲ್ಲಿ ಸರಿಯಾದ ಮಟ್ಟದಲ್ಲಿ ಕೊಯ್ದರೆ ಗರಿಯಂತೆ ಹರಡಿದ ಅದ್ಭುತ ವಿನ್ಯಾಸ ಸಿಗುತ್ತದೆ, ತಪ್ಪಿದರೆ ಸಾಧಾರಣ ಹಲಗೆ. ದಿಮ್ಮಿಯ ಹೊರಗಿನ ಬಿಳಿ ಮರವನ್ನೂ ಅವರು ತೆಗೆಸುತ್ತಿರಲಿಲ್ಲ. ವಾಲ್‌ನಟ್‌ನ ಕಂದುಬಣ್ಣದ ಚೇಗಿನ ಪಕ್ಕದಲ್ಲಿ ಆ ತಿಳಿಬಣ್ಣದ ಅಂಚು ಇದ್ದ ಹಾಗೇ ಉಳಿಯುತ್ತಿತ್ತು. ದೊಡ್ಡ ಮಿಲ್ಲುಗಳು ವಾಲ್‌ನಟ್ ಹಲಗೆಗಳಿಗೆ ಹಬೆ ಕೊಟ್ಟು ಈ ಬಣ್ಣದ ವ್ಯತ್ಯಾಸವನ್ನು ಅಳಿಸುತ್ತವೆ. ಹಾಗೆ ಮಾಡಿದಾಗ ಚೇಗಿನ ನೇರಳೆ ಛಾಯೆಯೂ ಮಂಕಾಗುತ್ತದೆ. ಗಾಳಿಯಲ್ಲಿ ನಿಧಾನವಾಗಿ ಒಣಗಿದ ವಾಲ್‌ನಟ್‌ನ ಬಣ್ಣಕ್ಕೆ ಸಾಟಿಯಿಲ್ಲ.

ಕೊಯ್ದ ಹಲಗೆಗಳನ್ನು ದಿಮ್ಮಿಯಲ್ಲಿ ಇದ್ದ ಕ್ರಮದಲ್ಲೇ, ನಡುವೆ ರೀಪರ್ ಪಟ್ಟಿಗಳನ್ನಿಟ್ಟು ಮತ್ತೆ ಪೇರಿಸಿಡುತ್ತಾರೆ. ಪಟ್ಟಿಗಳಿರುವುದು ಎಲ್ಲ ಕಡೆಯಿಂದ ಗಾಳಿ ಆಡಲಿ ಎಂದು. ಇಲ್ಲಿ ಅವಸರ ಮಾಡಿದರೆ ಮರ ಕೆಡುತ್ತದೆ. ಹಲಗೆಯ ಮೈ ಮೊದಲು ಒಣಗಿ ಕುಗ್ಗಲು ಹೊರಡುತ್ತದೆ, ಒಳಗಿನ ಭಾಗ ಇನ್ನೂ ಹಸಿಯಾಗಿ ಉಬ್ಬಿಯೇ ಇರುತ್ತದೆ. ಮೈ ಎಳೆತಕ್ಕೆ ಸಿಕ್ಕಿ ಬಿರಿಯುತ್ತದೆ. ತುದಿಗಳ ಕಡೆ ಕೋಶಗಳ ಬಾಯಿ ತೆರೆದಿರುವುದರಿಂದ ಅಲ್ಲಿಂದ ನೀರು ಇನ್ನೂ ಬೇಗ ಹೊರಬೀಳುತ್ತದೆ. ಆದ್ದರಿಂದಲೇ ತುದಿಗೆ ಮೇಣವೋ ಬಣ್ಣವೋ ಬಳಿಯುವುದು. ದಪ್ಪದ ಒಂದು ಅಂಗುಲಕ್ಕೆ ಒಂದು ವರ್ಷ ಎಂಬುದು ಬಡಗಿಗಳ ಹಳೆಯ ಲೆಕ್ಕ. 2 ಅಂಗುಲದ ಹಲಗೆಗೆ 2 ವರ್ಷ. ಅಷ್ಟಾದ ಮೇಲೂ ಹೊರಗಿನ ಗಾಳಿಯ ತೇವ ಮರದಲ್ಲಿ ಉಳಿದೇ ಇರುತ್ತದೆ. ಆಮೇಲೆ ಅದನ್ನು ಬಿಸಿಗಾಳಿಯ ಕೋಣೆಯಲ್ಲಿ, ಅಂದರೆ ಕಿಲ್ನ್‌ನಲ್ಲಿ ಇಟ್ಟು, ಮನೆಯೊಳಗಿನ ಹವೆಗೆ ಹೊಂದುವಷ್ಟು ಒಣಗಿಸಬೇಕು. ಎಷ್ಟೋ ಹಲಗೆಗಳು ತಕ್ಕ ಗಿರಾಕಿ ಬರುವವರೆಗೆ ಅವರ ಗೋದಾಮಿನಲ್ಲಿ ವರ್ಷಗಟ್ಟಲೆ ಕಾದವು. ಮೇಜು ಬೇಕೆಂದು ಬಂದವರು ಹಲಗೆಗಳ ನಡುವೆ ಓಡಾಡಿ ನೋಡುತ್ತಿದ್ದರು. ಆರಿಸಿದ ಹಲಗೆಗೆ ತಕ್ಕಂತೆ ನಕಾಶಿಮಾ ಪೆನ್ಸಿಲಿನಲ್ಲಿ ಸಣ್ಣ ಚಿತ್ರ ಬರೆಯುತ್ತಿದ್ದರು, ಮಾಡಿಸಿಕೊಂಡವರ ಹೆಸರನ್ನು ಹಲಗೆಯ ಅಡಿಯಲ್ಲಿ ಬರೆದಿಡುತ್ತಿದ್ದರು.

ಒಣಗಿದ ಮೇಲಾದರೂ ಮರ ಸುಮ್ಮನಿರುತ್ತದೆಯೇ ಎಂದರೆ ಇಲ್ಲ. ಗಾಳಿಯ ತೇವದ ಜೊತೆ ಅದರ ಕೊಡುಕೊಳ್ಳುವಿಕೆ ಎಂದೂ ನಿಲ್ಲುವುದಿಲ್ಲ. ಗಾಳಿಯ ಸಾಪೇಕ್ಷ ತೇವಾಂಶ ಶೇ. 30 ಇದ್ದರೆ ಮರದಲ್ಲಿ ಸುಮಾರು ಶೇ. 6ರಷ್ಟು ನೀರು ನಿಲ್ಲುತ್ತದೆ, ಶೇ. 65 ಇದ್ದರೆ ಶೇ. 12ರಷ್ಟು, ಶೇ. 90 ಇದ್ದರೆ ಶೇ. 20ರ ಹತ್ತಿರ. ಪೆನ್ಸಿಲ್ವೇನಿಯಾದ ಬೇಸಿಗೆ ತೇವದ್ದು. ಚಳಿಗಾಲದಲ್ಲಿ ಹೊರಗಿನ ಕೊರೆಯುವ ಗಾಳಿಯನ್ನು ಮನೆಯೊಳಗೆ ಬಿಸಿ ಮಾಡಿದಾಗ ಅದು ತೀರಾ ಒಣಗುತ್ತದೆ. ಮರದ ನೀರು ಶೇ. 12ರಿಂದ 6ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. 3 ಮೀಟರ್ ಉದ್ದ, 1 ಮೀಟರ್ ಅಗಲದ ವಾಲ್‌ನಟ್ ಮೇಜು ಉದ್ದದಲ್ಲಿ ಸುಮಾರು 1 ಮಿಲಿಮೀಟರ್ ಮಾತ್ರ ಕುಗ್ಗಿ, ಅಗಲದಲ್ಲಿ 15 ಮಿಲಿಮೀಟರಿನವರೆಗೆ ಕುಗ್ಗುತ್ತದೆ. ಮತ್ತೆ ಬೇಸಿಗೆಗೆ ಅಷ್ಟೇ ಹಿಗ್ಗುತ್ತದೆ. ಪಾಲಿಶ್, ಎಣ್ಣೆ, ವಾರ್ನಿಶ್ ಯಾವುದೂ ಇದನ್ನು ತಡೆಯಲಾರದು. ನಿಧಾನ ಮಾಡಬಲ್ಲದು ಅಷ್ಟೇ.

ಇಂಥ ಹಲಗೆಯನ್ನು ಅಡಿಯ ಚೌಕಟ್ಟಿಗೆ ನಾಲ್ಕೂ ಕಡೆ ಮೊಳೆ ಹೊಡೆದು, ಅಂಟು ಹಾಕಿ ಬಿಗಿದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ. ಚೌಕಟ್ಟಿನ ಅಡ್ಡಪಟ್ಟಿ ತನ್ನ ಉದ್ದದಲ್ಲಿ ಕುಗ್ಗುವುದಿಲ್ಲ, ಅದರ ಮೇಲಿನ ಹಲಗೆ ತನ್ನ ಅಗಲದಲ್ಲಿ ಕುಗ್ಗಲೇಬೇಕು. ಒಂದೋ ಮೊಳೆ ಕಿತ್ತು ಬರಬೇಕು, ಇಲ್ಲವೇ ಹಲಗೆ ಸೀಳಬೇಕು. ಅಗಲದ ಹಲಗೆ ಬಳಸುವ ಅನುಭವಿ ಬಡಗಿಗಳು ತಿರುಪು ಕೂರಿಸುವ ತೂತನ್ನು ದುಂಡಗೆ ಕೊರೆಯದೆ ಉದ್ದನೆಯ ಕಿಂಡಿಯಾಗಿ ಕೊರೆಯುತ್ತಾರೆ. ತಿರುಪು ಹಲಗೆಯನ್ನು ಕೆಳಕ್ಕೆ ಹಿಡಿದಿರುತ್ತದೆ, ಆದರೆ ಪಕ್ಕಕ್ಕೆ ಸರಿಯಲು ಬಿಡುತ್ತದೆ. ಮೇಜಿನ ಮೇಲೆ ಊಟ ಮಾಡುವವರಿಗೆ ಎಂದೂ ಕಾಣದ ಕೆಲಸ ಇದು. ಒಬ್ಬ ಬಡಗಿ ಎಷ್ಟು ಬಲ್ಲವನು ಎಂದು ತಿಳಿಯಬೇಕಾದರೆ ನಾನು ಮೇಜಿನ ಮೇಲ್ಭಾಗಕ್ಕಿಂತ ಮೊದಲು ಬಗ್ಗಿ ಅಡಿಭಾಗವನ್ನು ನೋಡುತ್ತೇನೆ.

ಈಗ ಸೀಳಿಗೆ ಅಡ್ಡಲಾಗಿ ಕೂರಿಸಿದ ಆ ಚಿಟ್ಟೆಯಾಕಾರದ ತುಂಡಿಗೆ, ಅಂದರೆ ಚಿಟ್ಟೆಕೀಲಿಗೆ ಬರೋಣ. ಇದು ನಕಾಶಿಮಾ ಕಂಡುಹಿಡಿದದ್ದಲ್ಲ. ಪ್ರಾಚೀನ ಈಜಿಪ್ಟಿನವರಿಗೆ ಇದು ಗೊತ್ತಿತ್ತು, ಜಪಾನಿನ ಬಡಗಿಗಳು ಇದನ್ನು ಚಿಗಿರಿ ಎಂದು ಕರೆಯುತ್ತಾರೆ. ಮರದ ಬಲ ದಿಕ್ಕಿನಿಂದ ದಿಕ್ಕಿಗೆ ಬಹಳ ಬದಲಾಗುತ್ತದೆ. ಒಣಗಿದ ವಾಲ್‌ನಟ್‌ನ ನಾರುಗಳನ್ನು ಅಡ್ಡಕ್ಕೆ ಎಳೆದು ಬೇರ್ಪಡಿಸಲು ಒಂದು ಚದರ ಮಿಲಿಮೀಟರಿಗೆ 5 ನ್ಯೂಟನ್‌ನಷ್ಟು ಬಲ ಸಾಕು. ನಾರಿನ ಉದ್ದಕ್ಕೆ ಎಳೆದು ತುಂಡು ಮಾಡಲು ಅದರ ಹತ್ತಾರು ಪಟ್ಟು ಬೇಕು. ಸೌದೆ ಒಡೆಯುವವರು ಕೊಡಲಿಯನ್ನು ಎಂದೂ ನಾರಿನ ಜಾಡಿನಲ್ಲೇ ಬೀಸುತ್ತಾರಲ್ಲ, ಆ ಜಾಣ್ಮೆ ಇದೇ. ಹಲಗೆಯಲ್ಲಿ ಸೀಳು ಹೋಗುವುದು ನಾರಿನ ಉದ್ದಕ್ಕೆ, ಮರ ಅತಿ ದುರ್ಬಲವಾಗಿರುವ ದಾರಿಯಲ್ಲಿ. ಕೀಲನ್ನು ಕೂರಿಸುವಾಗ ಅದರ ನಾರು ಸೀಳಿಗೆ ಅಡ್ಡಲಾಗಿ ಇರುವಂತೆ ತಿರುಗಿಸುತ್ತಾರೆ. ಸೀಳು ಅಗಲವಾಗಬೇಕಾದರೆ ಈಗ ಅದು ಕೀಲಿನ ನಾರನ್ನು ಉದ್ದಕ್ಕೆ ಎಳೆದು ಕತ್ತರಿಸಬೇಕು. ಕೀಲಿನ ಎರಡೂ ತುದಿ ಅಗಲ, ನಡು ಸಣ್ಣ. ಸೀಳು ಎಳೆದಷ್ಟೂ ಅಗಲದ ತುದಿಗಳು ತಮ್ಮ ಗುಳಿಯ ಓರೆ ಗೋಡೆಗಳಿಗೆ ಒತ್ತಿಕೊಂಡು ಬಿಗಿಯಾಗುತ್ತವೆ. ಅಂಟೊಂದೇ ಇದ್ದಿದ್ದರೆ ಎಲ್ಲ ಭಾರ ಅಂಟಿನ ಮೇಲೆ ಬೀಳುತ್ತಿತ್ತು. ಇಲ್ಲಿ ಆಕಾರವೇ ಭಾರ ಹೊರುತ್ತದೆ.

ಸೀಳನ್ನು ಅಷ್ಟಕ್ಕೇ ನಿಲ್ಲಿಸುವುದು ಏಕೆ ಮುಖ್ಯ ಎಂಬುದಕ್ಕೂ ವಿಜ್ಞಾನದಲ್ಲಿ ಉತ್ತರವಿದೆ. 1921ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ಎಂಜಿನಿಯರ್ ಗಾಜು ಒಡೆಯುವುದನ್ನು ಅಭ್ಯಾಸ ಮಾಡಿ, ಬಿರುಕು ಉದ್ದವಾದಷ್ಟೂ ಅದು ಮುಂದೆ ಹೋಗಲು ಬೇಕಾದ ಬಲ ಕಡಿಮೆಯಾಗುತ್ತ ಹೋಗುತ್ತದೆ ಎಂದು ತೋರಿಸಿಕೊಟ್ಟರು. ಎಳೆತವೆಲ್ಲ ಬಿರುಕಿನ ಚೂಪಾದ ತುದಿಯಲ್ಲಿ ಒಟ್ಟಾಗುತ್ತದೆ. ಮುಂದೆ ವಿಮಾನ, ಹಡಗು, ಸೇತುವೆಗಳ ಸುರಕ್ಷತೆಗೆ ಅಡಿಪಾಯವಾದ ವಿಚಾರ ಇದು. ಹಲಗೆಯ ಸೀಳಿಗೂ ಇದೇ ನಿಯಮ. ಎರಡು ದಡಗಳು ಇನ್ನಷ್ಟು ದೂರ ಸರಿಯದಂತೆ ಕೀಲು ಹಿಡಿದಿಟ್ಟರೆ ತುದಿಯ ಮೇಲಿನ ಎಳೆತ ಇಳಿಯುತ್ತದೆ, ಸೀಳು ಇದ್ದಲ್ಲೇ ನಿಲ್ಲುತ್ತದೆ. ಸೀಳು ತೆರೆದೇ ಇರುವುದರಿಂದ ಋತು ಬದಲಾದಾಗ ದಡಗಳು ಕೊಂಚ ಆಡಲು ಜಾಗವೂ ಉಳಿಯುತ್ತದೆ. ಇತ್ತೀಚೆಗೆ ಇಂಥ ಹಲಗೆಗಳ ಸೀಳಿಗೆ ಬಣ್ಣದ ಎಪಾಕ್ಸಿ ರೆಸಿನ್ ಸುರಿದು ತುಂಬುವ ರೂಢಿ ಬಂದಿದೆ, ನೋಡಲು ಥಳಥಳ ಹೊಳೆಯುತ್ತದೆ. ಆದರೆ ರೆಸಿನ್ ಮರದ ಹಾಗೆ ಗಾಳಿಯ ತೇವಕ್ಕೆ ಹಿಗ್ಗಿ ಕುಗ್ಗುವುದಿಲ್ಲ, ಎರಡೂ ಕೂಡುವ ಗೆರೆಯ ಮೇಲೆ ವರ್ಷವರ್ಷವೂ ಎಳೆದಾಟ ನಡೆಯುತ್ತದೆ. ನನಗೆ ಚಿಟ್ಟೆಕೀಲೇ ಮೇಲು. ಅದು ಸೀಳನ್ನು ಸೀಳೆಂದು ಒಪ್ಪಿಕೊಂಡೇ ಕೆಲಸ ಮಾಡುತ್ತದೆ.

ಕುರ್ಚಿಯಲ್ಲಿ ಅವರು ಎದುರಿಸಿದ ಪ್ರಶ್ನೆ ಬೇರೆ ಬಗೆಯದು. ಕೊನಾಯ್ಡ್ ಎಂಬ ಅವರ ಪ್ರಸಿದ್ಧ ಕುರ್ಚಿಗೆ ಎರಡೇ ಕಾಲು. ಕಾಲುಗಳು ನೆಲದಲ್ಲಿ ಮುಂದಕ್ಕೆ ಚಾಚಿದ ಎರಡು ಮರದ ಪಟ್ಟಿಗಳ ಮೇಲೆ ನಿಂತಿವೆ, ಆಸನ ಆಧಾರವಿಲ್ಲದೆ ಮುಂದಕ್ಕೆ ಬಂದಿದೆ. ಬಂದವರು ಕೂರಲು ಅಳುಕುವಂಥ ವಿನ್ಯಾಸ. 70 ಕಿಲೋ ತೂಕದವರು ಕೂತಾಗ ಕಾಲು-ಆಸನ ಸೇರುವ ಜಾಗದ ಮೇಲೆ ದೊಡ್ಡ ಬಾಗುಬಲ ಬೀಳುತ್ತದೆ, ಅದನ್ನು ತಾಳುವುದೆಲ್ಲ ಜೋಡಣೆಯ ನಿಖರತೆ. ನೆಲದ ಪಟ್ಟಿಗಳು ಮುಂದಕ್ಕೆ ಚಾಚಿರುವುದರಿಂದ ಕೂತವರ ಭಾರದ ಕೇಂದ್ರ ಅವುಗಳ ಒಳಗೇ ಬೀಳುತ್ತದೆ, ಕುರ್ಚಿ ಮುಗ್ಗರಿಸುವುದಿಲ್ಲ. ಆಸನ ವಾಲ್‌ನಟ್‌ನದು. ಬೆನ್ನಿಗೆ ನಿಲ್ಲಿಸಿದ ಸಣ್ಣ ಕಂಬಿಗಳು ಹಿಕರಿ ಮರದವು. ಅಮೆರಿಕದಲ್ಲಿ ಕೊಡಲಿ, ಸುತ್ತಿಗೆಗಳ ಹಿಡಿ ಮಾಡುವ ಮರ ಅದು, ಬಾಗಿದರೂ ಮುರಿಯದೆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಒರಗಿದಾಗ ಕಂಬಿಗಳು ಅಷ್ಟಿಷ್ಟು ಬಾಗಿ ಬೆನ್ನಿಗೆ ಹೊಂದಿಕೊಳ್ಳುತ್ತವೆ.

1964ರಲ್ಲಿ ಅವರು ಮತ್ತೆ ಭಾರತಕ್ಕೆ ಬಂದರು, ಈ ಸಲ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ. ಅಲ್ಲಿನ ಕಾರ್ಯಾಗಾರದಲ್ಲಿ ಅವರ ವಿನ್ಯಾಸದ ಪೀಠೋಪಕರಣಗಳು ತಯಾರಾದವು.

1984ರಲ್ಲಿ ಅವರಿಗೆ ತಾವು ಅಲ್ಲಿಯವರೆಗೆ ಕಂಡದ್ದರಲ್ಲೇ ದೊಡ್ಡದಾದ ವಾಲ್‌ನಟ್ ದಿಮ್ಮಿ ಸಿಕ್ಕಿತು. ಅದರಿಂದ ಪ್ರಪಂಚದ ಪ್ರತಿ ಖಂಡಕ್ಕೂ ಒಂದೊಂದು ಶಾಂತಿಯ ಮೇಜು ಮಾಡಬೇಕೆಂಬ ಆಸೆ ಹುಟ್ಟಿತು. ಮೊದಲನೆಯದು ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲ್‌ನಲ್ಲಿ 1986ರ ಕೊನೆಯ ದಿನ ಸಮರ್ಪಣೆಯಾಯಿತು. ದಿಮ್ಮಿಯಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಹಲಗೆಗಳನ್ನು ಪುಸ್ತಕ ಬಿಡಿಸಿದಂತೆ ತೆರೆದು ಜೋಡಿಸಿದ ಮೇಜು ಅದು. ಒಂದೇ ಮರದ ಅಕ್ಕಪಕ್ಕದ ಹಲಗೆಗಳಾದ್ದರಿಂದ ಎರಡರ ನಾರು, ಉಂಗುರ, ಕುಗ್ಗುವ ರೀತಿ ಎಲ್ಲವೂ ಕನ್ನಡಿಯ ಎರಡು ಬದಿಯಂತೆ ಹೊಂದುತ್ತವೆ. ಎಡಬಲ ಒಂದೇ ಚಿತ್ರ ಕಾಣುವುದಷ್ಟೇ ಇದರ ಲಾಭವಲ್ಲ. ಎರಡೂ ಅರ್ಧಗಳು ಹವೆಗೆ ಒಂದೇ ಪ್ರಮಾಣದಲ್ಲಿ ಸ್ಪಂದಿಸುವುದರಿಂದ ನಡುವಿನ ಜೋಡಣೆಗೆ ನೆಮ್ಮದಿ.

ನಕಾಶಿಮಾ 1990ರಲ್ಲಿ ತೀರಿಕೊಂಡರು. ಮಿನಿಡೋಕಾ ಶಿಬಿರಕ್ಕೆ ಹಸುಗೂಸಾಗಿ ಹೋಗಿದ್ದ ಮಗಳು ಮೀರಾ, ತಾವೂ ವಾಸ್ತುಶಿಲ್ಪ ಓದಿದವರು, ಕಾರ್ಯಾಗಾರವನ್ನು ಮುಂದುವರಿಸಿದರು. ಅಮೆರಿಕ ಸರ್ಕಾರ 2014ರಲ್ಲಿ ಆ ಮನೆ, ಸ್ಟುಡಿಯೋ, ಕಾರ್ಯಾಗಾರಗಳನ್ನು ರಾಷ್ಟ್ರೀಯ ಐತಿಹಾಸಿಕ ತಾಣ ಎಂದು ಘೋಷಿಸಿತು. ಏಷ್ಯಾ ಖಂಡಕ್ಕೆಂದು ಮೀಸಲಾದ ಶಾಂತಿಯ ಮೇಜು 1996ರಲ್ಲಿ ಪುದುಚೇರಿಯ ಪಕ್ಕದ ಆರೋವಿಲ್‌ಗೆ ಬಂತು. ಬೆಂಗಳೂರಿನಿಂದ ಒಂದು ಹಗಲಿನ ಪ್ರಯಾಣದ ದೂರ. ಪುದುಚೇರಿಯ ಕಡೆ ಹೋದವರು ಅದನ್ನು ತಪ್ಪದೆ ನೋಡಿ. ಅಂಚಿನ ರೇಖೆಯನ್ನು ನೋಡಿ, ಸೀಳುಗಳಿದ್ದರೆ ಅವು ಎಲ್ಲಿ ನಿಂತಿವೆ ನೋಡಿ, ಚಿಟ್ಟೆಕೀಲು ಕಂಡರೆ ಅದರ ನಾರು ಯಾವ ದಿಕ್ಕಿಗಿದೆ ಎಂದು ನೋಡಿ.

ನಿಮ್ಮ ಮನೆಗೆ ಮರದ ಮೇಜೋ ಮಂಚವೋ ಮಾಡಿಸುವ ಯೋಚನೆಯಿದ್ದರೆ, ಫೋನಿನಲ್ಲಿ ವಿನ್ಯಾಸದ ಚಿತ್ರ ತೋರಿಸುವ ಮೊದಲು ಬಡಗಿಯನ್ನು ಒಂದು ಪ್ರಶ್ನೆ ಕೇಳಿ: ಈ ಹಲಗೆ ಕೊಯ್ದು ಎಷ್ಟು ದಿನವಾಯಿತು? ಹಸಿಮರವಾದರೆ ಕೊಯ್ಯಿಸಿ, ಪಟ್ಟಿ ಇಟ್ಟು ಪೇರಿಸಿ, ಅಂಗುಲಕ್ಕೊಂದು ವರ್ಷದ ಲೆಕ್ಕದಲ್ಲಿ ನೆರಳಿನಲ್ಲಿ ಬಿಡಿ. ಅಷ್ಟು ಕಾಯಲು ಆಗದವರು ಕಿಲ್ನ್‌ನಲ್ಲಿ ಒಣಗಿಸಿದ ಮರವನ್ನು ಕೇಳಿ ಪಡೆಯಿರಿ, ತಂದ ಮೇಲೂ ಕೆಲಸ ಶುರುವಾಗುವ ಮೊದಲು ಕೆಲವು ವಾರ ಅದು ನಿಮ್ಮ ಮನೆಯ ಗಾಳಿಯಲ್ಲೇ ಇರಲಿ.